ಹೀಟರ್ ಏಕೆ ಬೆಚ್ಚಗಾಗುತ್ತಿಲ್ಲ? – ಹಳೆಯ ಪಿಕಪ್ ಗಾಡಿಯೊಂದರ ನೈದಾನಿಕ ಪರೀಕ್ಷೆ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳಾದ ನಾವೆಲ್ಲರೂ ‘ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ’ ಎಂಬ ದಾಖಲೆ ಪುಸ್ತಕವನ್ನು ಸಿದ್ಧಪಡಿಸುತ್ತೇವೆ. ಮಗು ಎಲ್ಲಿ ಎಡವುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿಯಬೇಕು, ಆಮೇಲೆ ಪಾಠ ಮಾಡಬೇಕು ಎಂಬುದು ಅದರ ತಿರುಳು. ತರಗತಿಯಲ್ಲಿ ಈ ಮಾತನ್ನು ನಾನು ಹಲವು ಬಾರಿ ಬರೆದುಕೊಂಡಿದ್ದೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ಈ ಜನವರಿಯಲ್ಲಿ, ನಮ್ಮ ತಂದೆಯ ಹಳೆಯ ಪಿಕಪ್ ಗಾಡಿಯ ಬಾನೆಟ್ ಕೆಳಗೆ. ಏಳನೇ ತರಗತಿಗೆ ಉಷ್ಣ ವರ್ಗಾವಣೆಯ ಘಟಕವನ್ನು ಬೋಧಿಸಲು ಸಿದ್ಧಳಾಗುತ್ತಿದ್ದಾಗಲೇ ಇದು ನಡೆದದ್ದರಿಂದ, ಗಾಡಿಯಲ್ಲಿ ಕಲಿತದ್ದನ್ನು ತರಗತಿಗೂ ತಂದೆ. ಎರಡೂ ಕಡೆ ಮೊದಲು ತಪ್ಪಿದೆ. ಆ ತಪ್ಪುಗಳನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಸಮಸ್ಯೆಯ ಹಿನ್ನೆಲೆ

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರು 2009ರ ಮಾದರಿಯ ಡೀಸೆಲ್ ಪಿಕಪ್‌ನಲ್ಲಿ ಊಟಿಯಿಂದ ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್ ತುಂಬಿಕೊಂಡು ಮೈಸೂರಿನ ಮಾರುಕಟ್ಟೆಗೆ ತರುತ್ತಾರೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರಬೇಕೆಂದರೆ ಊಟಿಯನ್ನು ನಾಲ್ಕು ಗಂಟೆಗೂ ಮೊದಲೇ ಬಿಡಬೇಕು. ಊಟಿ ಇರುವುದು ಸಮುದ್ರಮಟ್ಟದಿಂದ 2,200 ಮೀಟರಿಗಿಂತ ಎತ್ತರದಲ್ಲಿ. ಡಿಸೆಂಬರ್, ಜನವರಿಗಳಲ್ಲಿ ಅಲ್ಲಿನ ಹುಲ್ಲಿನ ಮೇಲೆ ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕಾಣುತ್ತದೆ. ಅಂಥ ಚಳಿಯಲ್ಲಿ ಗಾಡಿಯ ಹೀಟರ್ ಐಷಾರಾಮವಲ್ಲ. ಕೈ ಮರಗಟ್ಟುವುದು ಒಂದು ಕಷ್ಟವಾದರೆ, ಉಸಿರಿನ ಆವಿ ಮುಂಗಾಜಿನ ಒಳಮೈಗೆ ಕೂತು ರಸ್ತೆಯೇ ಕಾಣದಿರುವುದು ಅದಕ್ಕಿಂತ ದೊಡ್ಡ ಅಪಾಯ.

ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಗಾಡಿಯ ಎಡ ಬಾಗಿಲಿನ ಉದ್ದಕ್ಕೂ ಗೀರು ಬಿದ್ದಿತ್ತು. ನಡುವಟ್ಟಂ ದಾಟಿ ಗೂಡಲೂರಿನತ್ತ ಇಳಿಯುವಾಗ ಗಾಜು ಮಂಜಾಗಿ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಿದ್ದಾಗ ತಿರುವಿನ ಕಲ್ಲುಕಟ್ಟೆಗೆ ಗಾಡಿ ಉಜ್ಜಿತ್ತು. ತಂದೆಯವರು ಅದನ್ನು ದೊಡ್ಡದು ಮಾಡಲಿಲ್ಲ. ನಾನು ಒತ್ತಾಯಿಸಿ ಕೇಳಿದಾಗ, “ಹತ್ತುವಾಗ ಏನೋ ಬಿಸಿ ಬತ್ತದೆ ಕಣವ್ವ, ಇಳಿಯುವಾಗಲೇ ತಣ್ಣಗಾಗೋದು” ಎಂದಷ್ಟೇ ಹೇಳಿದರು.

ಈ ಒಂದು ವಾಕ್ಯದಲ್ಲಿ ಉತ್ತರ ಮುಕ್ಕಾಲು ಭಾಗ ಇತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಭೌತವಿಜ್ಞಾನ ಓದಿದವಳೆಂಬ ಭರವಸೆಯಲ್ಲಿ, “ಹಳೆಯ ಗಾಡಿ, ಹೀಟರ್ ಕೋರ್ ಒಳಗೆ ತುಕ್ಕು ಕಟ್ಟಿಕೊಂಡಿರುತ್ತದೆ, ಬದಲಾಯಿಸೋಣ” ಎಂದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಕೋರ್ ಹಾಕಿಸಿದೆವು. ಕೂಲಿಯೂ ಸೇರಿ 4,200 ರೂಪಾಯಿ ಖರ್ಚಾಯಿತು, ಎರಡು ದಿನದ ಬಾಡಿಗೆಯೂ ಹೋಯಿತು. ಮೂರನೆಯ ದಿನ ಗಾಡಿ ಊಟಿಗೆ ಹೋಗಿ ಬಂತು. ಹೀಟರ್ ಮೊದಲಿದ್ದಂತೆಯೇ ಇತ್ತು.

ಹೀಟರಿಗೆ ಬಿಸಿ ಬರುವುದು ಎಲ್ಲಿಂದ?

ಪರಿಹಾರಕ್ಕೆ ಹೋಗುವ ಮೊದಲು ವ್ಯವಸ್ಥೆಯನ್ನು ಅರಿಯೋಣ. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿರುವಂತೆ ಗಾಡಿಯಲ್ಲೂ ವಿದ್ಯುತ್ ಕಾಯಿಲ್ ಇದೆ ಎಂದು ಬಹಳ ಜನ ಭಾವಿಸಿದ್ದಾರೆ. ಇಂಥ ಹಳೆಯ ಪಿಕಪ್‌ಗಳಲ್ಲಿ ಕಾಯಿಲ್ ಇರುವುದಿಲ್ಲ. ಹೀಟರಿನಲ್ಲಿ ವಿದ್ಯುತ್ತಿನಿಂದ ನಡೆಯುವುದು ಗಾಳಿ ನೂಕುವ ಬ್ಲೋವರ್ ಮಾತ್ರ. ಬಿಸಿ ಬರುವುದು ಇಂಜಿನ್ನಿನಿಂದ.

ಇಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸವಾಗುತ್ತದೆ. ಇನ್ನೊಂದು ಭಾಗ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಜಿನ್ ಸುತ್ತ ಹರಿಯುವ ಶೀತಕಕ್ಕೆ, ಅಂದರೆ ಕೂಲೆಂಟಿಗೆ ಸೇರುತ್ತದೆ. ಈ ಬಿಸಿಯನ್ನು ಹೊರಹಾಕಲು ಮುಂದೆ ದೊಡ್ಡ ರೇಡಿಯೇಟರ್ ಇದೆ. ಅದೇ ಬಿಸಿ ಶೀತಕದ ಒಂದು ಪಾಲನ್ನು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿಗೆ ತರುತ್ತಾರೆ. ಅದೇ ಹೀಟರ್ ಕೋರ್. ಅದರ ಮೇಲೆ ಬ್ಲೋವರ್ ಗಾಳಿ ಬೀಸಿದರೆ ಗಾಳಿ ಬೆಚ್ಚಗಾಗಿ ಕ್ಯಾಬಿನ್ನಿಗೆ ಬರುತ್ತದೆ. ಹೀಟರ್ ಎಂದರೆ ಚಾಲಕನಿಗಾಗಿ ಇಟ್ಟ ಒಂದು ಸಣ್ಣ ರೇಡಿಯೇಟರ್, ಅಷ್ಟೇ.

ಪಠ್ಯದ ಮಾತಿನಲ್ಲಿ ಹೇಳುವುದಾದರೆ, ಸಿಲಿಂಡರಿನ ಲೋಹದ ಗೋಡೆಯ ಮೂಲಕ ಬಿಸಿ ದಾಟುವುದು ವಹನ. ಪಂಪು ನೂಕಿದ ಶೀತಕ ಅದನ್ನು ಹೊತ್ತೊಯ್ಯುವುದು ಬಲವಂತದ ಸಂವಹನ. ಕೋರಿನ ಲೋಹವನ್ನು ದಾಟುವಾಗ ಮತ್ತೆ ವಹನ, ಗಾಳಿಯ ಜೊತೆ ನಮ್ಮ ಕೈಗೆ ಬರುವಾಗ ಮತ್ತೆ ಸಂವಹನ. ಒಂದೇ ಗಾಡಿಯಲ್ಲಿ ಈ ಸರಪಳಿ ಪೂರ್ತಿ ಸಿಗುತ್ತದೆ. ಸರಪಳಿಯ ಯಾವ ಕೊಂಡಿ ಕಳಚಿದರೂ ಹೀಟರ್ ತಣ್ಣಗಾಗುತ್ತದೆ. ಆದ್ದರಿಂದ ‘ಹೀಟರ್ ಕೆಟ್ಟಿದೆ’ ಎಂಬುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ.

ಥರ್ಮೋಸ್ಟಾಟ್ ಎಂಬ ಕಾವಲುಗಾರ

ಇಂಜಿನ್ ಮತ್ತು ದೊಡ್ಡ ರೇಡಿಯೇಟರಿನ ನಡುವೆ ಬೆರಳುದ್ದದ ಒಂದು ಕವಾಟವಿದೆ. ಅದೇ ಥರ್ಮೋಸ್ಟಾಟ್. ಅದರೊಳಗಿನ ಲೋಹದ ಬಟ್ಟಲಿನಲ್ಲಿ ಮೇಣ ತುಂಬಿರುತ್ತದೆ. ಇಂಜಿನ್ ತಣ್ಣಗಿರುವಾಗ ಮೇಣ ಗಟ್ಟಿಯಾಗಿರುತ್ತದೆ, ಕವಾಟ ಮುಚ್ಚಿರುತ್ತದೆ, ಶೀತಕ ರೇಡಿಯೇಟರಿಗೆ ಹೋಗದೆ ಇಂಜಿನ್ ಮತ್ತು ಹೀಟರಿನ ನಡುವೆಯೇ ಸುತ್ತುತ್ತದೆ. ಹಾಗಾಗಿ ಬೇಗ ಬಿಸಿಯಾಗುತ್ತದೆ. ಉಷ್ಣತೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ (ಇಂಜಿನ್ನಿಗೆ ತಕ್ಕಂತೆ ಇದು ಸ್ವಲ್ಪ ಬದಲಾಗುತ್ತದೆ) ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ನೂಕಿ ಕವಾಟವನ್ನು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ವಿದ್ಯುತ್ತಿಲ್ಲ, ಸ್ವಿಚ್ಚಿಲ್ಲ. ಘನವು ದ್ರವವಾಗುವಾಗ ಗಾತ್ರ ಹೆಚ್ಚುವುದೊಂದೇ ಇದರ ಶಕ್ತಿ.

ಈ ಕವಾಟ ತೆರೆದುಕೊಂಡೇ ಸಿಕ್ಕಿಕೊಂಡರೆ ಅಥವಾ ಇಲ್ಲದೇ ಹೋದರೆ, ಶೀತಕ ಮೊದಲ ನಿಮಿಷದಿಂದಲೇ ದೊಡ್ಡ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಿರುತ್ತದೆ. ಏರು ಹತ್ತುವಾಗ ಇಂಜಿನ್ ಹೆಚ್ಚು ಇಂಧನ ಉರಿಸುವುದರಿಂದ ಹೇಗೋ ಬಿಸಿ ಉಳಿಯುತ್ತದೆ. ಗೇರಿನಲ್ಲಿ ಇಳಿಜಾರು ಇಳಿಯುವಾಗ ಇಂಧನ ಬಹಳ ಕಡಿಮೆ ಉರಿಯುತ್ತದೆ. ಪಂಪು ಮಾತ್ರ ತಿರುಗುತ್ತಲೇ ಇರುತ್ತದೆ, ರೇಡಿಯೇಟರಿಗೆ ತಣ್ಣನೆಯ ಗಾಳಿ ಬಡಿಯುತ್ತಲೇ ಇರುತ್ತದೆ. ಶೀತಕ ತಣ್ಣಗಾಗುತ್ತಾ ಹೋಗುತ್ತದೆ. ತಂದೆಯವರು ಹೇಳಿದ್ದು ಇದನ್ನೇ. ಕೋರ್ ಕಟ್ಟಿಕೊಂಡಿದ್ದರೆ ಹತ್ತುವಾಗಲೂ ಬಿಸಿ ಸರಿಯಾಗಿ ಬರುತ್ತಿರಲಿಲ್ಲ.

ಪರೀಕ್ಷೆಯ ಕ್ರಮ

ಕೋರ್ ಬದಲಾಯಿಸಿಯೂ ಫಲ ಸಿಗದಿದ್ದಾಗ, ಕಡಿಮೆ ಖರ್ಚಿನದು ಮೊದಲು ಎಂಬ ನಿಯಮ ಇಟ್ಟುಕೊಂಡು ಈ ಕ್ರಮದಲ್ಲಿ ನೋಡಿದೆವು. ಯಾವ ಹಳೆಯ ಗಾಡಿಗೂ ಇದು ಹೊಂದುತ್ತದೆ.

1. ಚಾಲಕನನ್ನು ಕೇಳುವುದು. ಯಾವಾಗಿನಿಂದ ಹೀಗಾಗಿದೆ? ನಿಂತಾಗಲೋ, ಓಡುವಾಗಲೋ? ಏರಿನಲ್ಲೋ, ಇಳಿಜಾರಿನಲ್ಲೋ? ಇತ್ತೀಚೆಗೆ ಏನಾದರೂ ರಿಪೇರಿ ಆಗಿತ್ತೇ? ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

2. ಶೀತಕದ ಮಟ್ಟ ನೋಡುವುದು. ಇದನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮಾಡಬೇಕು. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ. 0.9 ಬಾರ್ ಮುಚ್ಚಳವಿದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯುವುದಿಲ್ಲ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಕಡಿಮೆಯಿದ್ದರೆ ಹೀಟರಿಗೆ ಶೀತಕದ ಬದಲು ಗಾಳಿ ಹೋಗುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುವುದು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಸಿ ಬರುವುದು ಇದರ ಲಕ್ಷಣ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಕಾಲಡಿಯ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಕೋರ್ ಸೋರುತ್ತಿದೆ. ಹೊರಗೆ ಸೋರಿಕೆ ಕಾಣದೆ ಹೊಗೆ ಬೆಳ್ಳಗೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಗಮನ ಕೊಡಬೇಕು. ನಮ್ಮ ಗಾಡಿಯಲ್ಲಿ ಮಟ್ಟ ಸರಿಯಿತ್ತು.

3. ಉಷ್ಣತೆಯ ಮುಳ್ಳು ನೋಡುವುದು. ಅರ್ಧ ಗಂಟೆ ಓಡಿದ ಮೇಲೂ ಮುಳ್ಳು ಕಾಲು ಭಾಗ ದಾಟದಿದ್ದರೆ ಇಂಜಿನ್ ಬಿಸಿಯಾಗುತ್ತಲೇ ಇಲ್ಲ ಎಂದರ್ಥ. ನಮ್ಮ ಗಾಡಿಯ ಮುಳ್ಳು ಎರಡು ವರ್ಷದಿಂದ ಅಲ್ಲೇ ಇತ್ತು. ತಂದೆಯವರು ಅದನ್ನು ‘ಇಂಜಿನ್ ತಂಪಾಗಿದೆ’ ಎಂಬ ಒಳ್ಳೆಯ ಗುರುತಾಗಿ ತಿಳಿದಿದ್ದರು.

4. ಮೇಲಿನ ರೇಡಿಯೇಟರ್ ಕೊಳವೆ ಮುಟ್ಟುವುದು. ತಣ್ಣನೆಯ ಇಂಜಿನ್ ಶುರುಮಾಡಿ, ಫ್ಯಾನು ಮತ್ತು ಬೆಲ್ಟಿನಿಂದ ಕೈ, ದುಪ್ಪಟ್ಟಾ, ಜಡೆ ದೂರವಿಟ್ಟು ಈ ಕೊಳವೆಯನ್ನು ಆಗಾಗ ಮುಟ್ಟಿ ನೋಡಬೇಕು. ಥರ್ಮೋಸ್ಟಾಟ್ ಸರಿಯಿದ್ದರೆ ಕೊಳವೆ ಹಲವು ನಿಮಿಷ ತಣ್ಣಗೇ ಇದ್ದು, ಕವಾಟ ತೆರೆದಾಗ ಒಮ್ಮೆಲೇ ಬಿಸಿಯಾಗುತ್ತದೆ. ನಮ್ಮಲ್ಲಿ ಅದು ಮೂರೇ ನಿಮಿಷದಲ್ಲಿ ಉಗುರುಬೆಚ್ಚಗಾಗಿ, ನಿಧಾನವಾಗಿ ಏರುತ್ತಾ ಹೋಯಿತು.

5. ಹೀಟರಿನ ಎರಡು ಕೊಳವೆ ಹೋಲಿಸುವುದು. ಇಂಜಿನ್ ಬಿಸಿಯಾದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಎರಡನ್ನೂ ಮುಟ್ಟಬೇಕು. ಬಿಸಿಯಿದ್ದರೆ ಕೈ ಇಟ್ಟುಕೊಳ್ಳಲಾಗುವುದಿಲ್ಲ, ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು. ಎರಡೂ ಚೆನ್ನಾಗಿ ಬಿಸಿಯಿದ್ದರೆ ಶೀತಕದ ಬದಿ ಸರಿಯಿದೆ, ತೊಂದರೆ ಗಾಳಿಯ ಬದಿಯಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಅಥವಾ ಹೀಟರಿನ ನಲ್ಲಿ ತೆರೆಯುತ್ತಿಲ್ಲ, ಅಥವಾ ಗಾಳಿ ಸಿಕ್ಕಿಕೊಂಡಿದೆ. ಎರಡೂ ಒಂದೇ ತೆರನಾಗಿ ಉಗುರುಬೆಚ್ಚಗಿದ್ದರೆ ಇಂಜಿನ್ನೇ ಬಿಸಿಯಾಗುತ್ತಿಲ್ಲ. ನಮ್ಮದು ಮೂರನೆಯ ಬಗೆ.

6. ಗಾಳಿಯ ಬದಿ ನೋಡುವುದು. ಬಿಸಿ-ತಂಪಿನ ಸನ್ನೆಯನ್ನು ಸರಿಸಿದಾಗ ಒಳಗಿನ ಬಾಗಿಲು ನಿಜವಾಗಿ ತಿರುಗುತ್ತಿದೆಯೇ? ಹಳೆಯ ಗಾಡಿಗಳಲ್ಲಿ ಅದಕ್ಕೆ ಕಟ್ಟಿದ ತಂತಿ ಕಳಚಿರುವುದು ಸಾಮಾನ್ಯ. ಬ್ಲೋವರ್ ಎಲ್ಲ ವೇಗದಲ್ಲೂ ತಿರುಗುತ್ತಿದೆಯೇ? ಮುಂಗಾಜಿನ ಕೆಳಗಿನ ಗಾಳಿ ಕಿಂಡಿಯಲ್ಲಿ ಎಲೆ, ಹುಲ್ಲು ತುಂಬಿದೆಯೇ?

ಐದನೆಯ ಹಂತದವರೆಗೆ ಒಂದು ಗಂಟೆಯೂ ಹಿಡಿಯಲಿಲ್ಲ, ಒಂದು ಸ್ಪ್ಯಾನರೂ ಬೇಕಾಗಲಿಲ್ಲ. ಕೋರ್ ಬಿಚ್ಚುವ ಮೊದಲು ಈ ಒಂದು ಗಂಟೆ ಕೊಟ್ಟಿದ್ದರೆ 4,200 ರೂಪಾಯಿ ಉಳಿಯುತ್ತಿತ್ತು.

ಡಬ್ಬಿಯಲ್ಲಿ ಸಿಕ್ಕ ಉತ್ತರ

ಇಂಜಿನ್ ತಣ್ಣಗಾದ ಮೇಲೆ ಸ್ವಲ್ಪ ಶೀತಕ ಇಳಿಸಿ, ಥರ್ಮೋಸ್ಟಾಟ್ ಇರುವ ಮುಚ್ಚಳದ ಎರಡು ಬೋಲ್ಟು ಬಿಚ್ಚಿದೆವು. ಒಳಗೆ ಏನೂ ಇರಲಿಲ್ಲ. ಆಗ ತಂದೆಯವರು ನೆನಪಿಸಿಕೊಂಡರು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಘಾಟಿ ಹತ್ತುವಾಗ ಇಂಜಿನ್ ಕಾಯ್ದು, ದಾರಿಬದಿಯ ಗ್ಯಾರೇಜಿನಲ್ಲಿ ‘ಒಂದು ವಾಲ್ವ್’ ತೆಗೆದು ಕೈಗೆ ಕೊಟ್ಟಿದ್ದರಂತೆ. ಅದು ಟೂಲ್ ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡೇ ಇತ್ತು. “ಮೊದಲೇ ಯಾಕೆ ಹೇಳಲಿಲ್ಲ?” ಎಂದೆ. “ನೀನು ಕೇಳಲಿಲ್ವಲ್ಲ” ಎಂದರು.

ಇಂಜಿನ್ ಕಾಯ್ದಾಗ ಥರ್ಮೋಸ್ಟಾಟ್ ತೆಗೆದುಬಿಡುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದಿದೆ. ದಾರಿಯಲ್ಲಿ ನಿಂತವನನ್ನು ಮನೆ ಮುಟ್ಟಿಸಲು ಅದು ಒದಗಬಹುದು. ಆದರೆ ಹಾಗೇ ಬಿಟ್ಟರೆ ಇಂಜಿನ್ ಸದಾ ತಣ್ಣಗೆ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ, ಹೀಟರ್ ಸಾಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಇದೇ ಕವಾಟ ಬಿಸಿಯಾದಾಗ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಅದನ್ನು ತೆಗೆದರೆ ಶೀತಕ ರೇಡಿಯೇಟರನ್ನು ತಪ್ಪಿಸಿ ಅಡ್ಡದಾರಿಯಲ್ಲೇ ಸುತ್ತಿ, ಇಂಜಿನ್ ಇನ್ನಷ್ಟು ಕಾಯುವುದೂ ಉಂಟು.

ಹಾಗೆಂದು ಕವಾಟವನ್ನು ತಕ್ಷಣ ಹಾಕುವಂತೆಯೂ ಇರಲಿಲ್ಲ. ಎರಡು ವರ್ಷದ ಹಿಂದೆ ಇಂಜಿನ್ ಕಾಯ್ದದ್ದಕ್ಕೆ ಮೂಲ ಕಾರಣ ಏನೆಂದು ತಿಳಿಯದೆ ಹಾಕಿದರೆ ಏಪ್ರಿಲ್‌ನಲ್ಲಿ ಮತ್ತೆ ಅದೇ ಕಥೆ. ರೇಡಿಯೇಟರಿನ ಮುಂಭಾಗ ನೋಡಿದಾಗ ರೆಕ್ಕೆಗಳ ನಡುವೆ ಮಣ್ಣು, ಹುಳು, ಹುಲ್ಲಿನ ಎಸಳು ಮೆತ್ತಿಕೊಂಡಿದ್ದವು. ಹಿಂಬದಿಯಿಂದ ಮೆಲ್ಲನೆ ನೀರು ಬಿಟ್ಟು ತೊಳೆದೆವು. ಹಳೆಯ ಕವಾಟದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರಿಂದ ನಾನ್ನೂರು ರೂಪಾಯಿಯೊಳಗೆ ಹೊಸದನ್ನು, ಹೊಸ ಗ್ಯಾಸ್ಕೆಟ್ಟನ್ನು ತಂದು ಊರಿನ ಮೆಕ್ಯಾನಿಕ್ ಕೈಯಲ್ಲಿ ಹಾಕಿಸಿದೆವು. ಶೀತಕ ತುಂಬುವಾಗ ಗಾಡಿಯ ಮೂತಿಯನ್ನು ಏರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆರೆದು ಇಂಜಿನ್ ಓಡಿಸಿ, ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬರುವವರೆಗೆ ಕಾದೆವು. ಇದನ್ನು ಬಯಲಿನಲ್ಲೇ ಮಾಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಅಪಾಯ. ಇಳಿಸಿದ ಶೀತಕವನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆವು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿಯಾದ್ದರಿಂದ ನಾಯಿ, ಮಕ್ಕಳಿಗೆ ಸಿಗುವಂತೆ ಚೆಲ್ಲಬಾರದು.

ತೆಗೆದ ಹಳೆಯ ಕೋರಿಗೆ ಮನೆಯಂಗಳದಲ್ಲಿ ಆಲಿಕೆ ಇಟ್ಟು ನೀರು ಸುರಿದೆ. ಒಂದು ಬದಿಯಿಂದ ಹೋದ ನೀರು ಇನ್ನೊಂದು ಬದಿಯಿಂದ ಧಾರೆಯಾಗಿ ಬಂತು. ಅದಕ್ಕೆ ಏನೂ ಆಗಿರಲಿಲ್ಲ.

ಬೆಚ್ಚಗಿನ ಗಾಳಿ ಗಾಜನ್ನು ಹೇಗೆ ಒಣಗಿಸುತ್ತದೆ?

ಹೀಟರ್ ಹಾಕಿದರೆ ಮಂಜು ಹೋಗುವುದು ಗಾಜು ಬಿಸಿಯಾಗುವುದರಿಂದ ಮಾತ್ರ ಅಲ್ಲ. 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 9.4 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಹಿಡಿಯಬಲ್ಲದು. ಹೊರಗಿನ ತೇವದ ಗಾಳಿಯನ್ನು 10ರಿಂದ 30 ಡಿಗ್ರಿಗೆ ಬಿಸಿಮಾಡಿದರೆ ಅದರೊಳಗಿನ ಆವಿ ಅಷ್ಟೇ ಇದ್ದರೂ ಅದು ತನ್ನ ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ಮಾತ್ರ ತುಂಬಿರುತ್ತದೆ. ಹಾಗಾಗಿ ಗಾಜಿನ ಮೇಲಿನ ಹನಿಗಳನ್ನು ಹೀರಿಕೊಳ್ಳುತ್ತದೆ. ಈ ಕಾರಣಕ್ಕೆ ಮಂಜು ಬಿಡಿಸುವಾಗ ಹೊರಗಿನ ಗಾಳಿಯನ್ನೇ ಒಳಗೆ ತೆಗೆದುಕೊಳ್ಳಬೇಕು. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಮ್ಮ ಉಸಿರಿನ ಆವಿಯೇ ಮತ್ತೆ ಮತ್ತೆ ಗಾಜಿಗೆ ಬರುತ್ತದೆ.

ತರಗತಿಯಲ್ಲಿ

ರಜೆ ಮುಗಿಸಿ ಬಂದ ಮೇಲೆ ಈ ಉದಾಹರಣೆಯನ್ನು ಪಾಠ ಯೋಜನೆಯಲ್ಲಿ ಸೇರಿಸಿದೆ. ಮೊದಲ ದಿನ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು, ಇಂಜಿನ್, ಕೋರ್, ಕವಾಟ ಎಲ್ಲವನ್ನೂ ನಾನೇ ವಿವರಿಸಿದೆ. ಮಕ್ಕಳು ಸುಮ್ಮನೆ ಕೇಳಿದರು. ಪಾಠ ಚೆನ್ನಾಗಿ ಹೋಯಿತೆಂದು ತಿಳಿದೆ. ಮರುದಿನ ಐದು ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟಾಗ, ‘ಗಾಡಿಯ ಹೀಟರಿಗೆ ಉಷ್ಣ ಎಲ್ಲಿಂದ ಬರುತ್ತದೆ?’ ಎಂಬುದಕ್ಕೆ ಬಹುಪಾಲು ಮಕ್ಕಳು ‘ಬ್ಯಾಟರಿಯಿಂದ’ ಎಂದೇ ಬರೆದಿದ್ದರು. ಅವರ ಮನಸ್ಸಿನಲ್ಲಿ ಮೊದಲೇ ಇದ್ದ ಕಾಯಿಲ್ಲನ್ನು ನಾನು ಮುಟ್ಟಿಯೇ ಇರಲಿಲ್ಲ.

ಗೂಡ್ಸ್ ಆಟೋ ಓಡಿಸುವವರ ಮಗನೊಬ್ಬ ಮಾತ್ರ, ‘ಇಂಜಿನ್ ಕಾದ ನೀರು ಒಳಗೆ ಬಂದು ಬಿಸಿ ಕೊಡ್ತದೆ’ ಎಂದು ಬರೆದಿದ್ದ. ‘ಶೀತಕ’ ಎಂಬ ಪದ ಇಲ್ಲವೆಂದು ನಾನು ಅವನಿಗೆ ಅರ್ಧ ಅಂಕ ಕೊಟ್ಟಿದ್ದೆ. ಉತ್ತರ ಪತ್ರಿಕೆಗಳನ್ನು ನೋಡಿದ ಮಾರ್ಗದರ್ಶಕ ಅಧ್ಯಾಪಕರು ಅದನ್ನು ಮೇಲಿಟ್ಟು, “ಇವನ ಉತ್ತರ ಸರಿಯಿದೆ, ಪದ ಮಾತ್ರ ಅವನದು” ಎಂದರು. ತಂದೆಯವರ ‘ಒಂದು ವಾಲ್ವ್’ ನೆನಪಾಯಿತು. ಅಂಕ ತಿದ್ದಿದೆ. ಅವನನ್ನು ಕರೆದು, ತಪ್ಪು ನನ್ನದೆಂದು ತರಗತಿಯ ಎದುರಿನಲ್ಲೇ ಹೇಳಿದೆ.

ಮೂರನೆಯ ದಿನ ವಿವರಣೆ ಬಿಟ್ಟು ವಸ್ತುಗಳನ್ನು ಇಟ್ಟೆ. ಹಳೆಯ ಕೋರ್, ಹಳೆಯ ಥರ್ಮೋಸ್ಟಾಟ್, ಬೀಕರ್, ಪ್ರಯೋಗಶಾಲೆಯ ಥರ್ಮಾಮೀಟರ್. ಕೋರನ್ನು ಮೇಜಿನ ಮೇಲಿಟ್ಟು, ‘ಇದರಲ್ಲಿ ಕಾಯಿಲ್ ಎಲ್ಲಿದೆ, ಹುಡುಕಿ’ ಎಂದೆ. ಬೆಂಚಿನಿಂದ ಬೆಂಚಿಗೆ ಸಾಗಿಸಿ ನೋಡಿದರು, ಸಿಗಲಿಲ್ಲ. ನಂತರ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ಬೀಕರಿನ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆವು. ಇಬ್ಬರು ಉಷ್ಣತೆ ಓದಿದರು, ಉಳಿದವರು ಕವಾಟ ನೋಡಿದರು. 80 ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೆ ಕವಾಟದ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡಿತು, 90ರ ಆಚೆ ಚೆನ್ನಾಗಿ ತೆರೆಯಿತು. ಮೈಸೂರಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಎರಡು-ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಅದೂ ಒಂದು ಪ್ರಶ್ನೆಯಾಗಿ ಬಂತು.

ಆಗ ಒಬ್ಬ ಹುಡುಗಿ ಕೇಳಿದಳು: “ಮಿಸ್, ಕವಾಟ ಇಲ್ಲದಿದ್ದರೆ ನೀರು ಜಾಸ್ತಿ ಹರೀತದಲ್ವಾ? ಹಂಗಾದ್ರೆ ಬಿಸಿನೂ ಜಾಸ್ತಿ ಬರಬೇಕಲ್ವಾ?” ಈ ಪ್ರಶ್ನೆಗೆ ನನ್ನ ಪಾಠ ಯೋಜನೆಯಲ್ಲಿ ಜಾಗವಿರಲಿಲ್ಲ. ನಾನು ಉತ್ತರ ಹೇಳದೆ ತರಗತಿಗೇ ಬಿಟ್ಟೆ. ಚರ್ಚೆಯ ಕೊನೆಗೆ ಎರಡು ವಿಷಯ ನಿಂತವು. ಒಂದು, ಹೆಚ್ಚಾಗಿ ಹರಿಯುವ ನೀರು ಹೋಗುವುದು ದೊಡ್ಡ ರೇಡಿಯೇಟರಿಗೆ, ಹೀಟರಿಗಲ್ಲ. ಎರಡು, ಕೋರಿನಿಂದ ಗಾಳಿಗೆ ದಾಟುವ ಬಿಸಿ ಇವೆರಡರ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಹೊರಗಿನ ಗಾಳಿ 5 ಡಿಗ್ರಿಯಿದ್ದು ಶೀತಕ 85 ಡಿಗ್ರಿಯಿದ್ದರೆ ಅಂತರ 80. ಶೀತಕ 50ಕ್ಕೆ ಇಳಿದರೆ ಅಂತರ 45. ಅಂದರೆ ಅದೇ ಕೋರ್, ಅದೇ ಬ್ಲೋವರ್ ಇದ್ದರೂ ಸಿಗುವ ಬಿಸಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಷ್ಣಕ್ಕೂ ಉಷ್ಣತೆಗೂ ಇರುವ ವ್ಯತ್ಯಾಸವನ್ನು ವ್ಯಾಖ್ಯೆ ಬರೆಸಿ ತಿಳಿಸುವುದಕ್ಕಿಂತ ಇದು ಸುಲಭವಾಯಿತು. ವಾರದ ನಂತರ ಅದೇ ಐದು ಪ್ರಶ್ನೆ ಕೊಟ್ಟಾಗ ‘ಬ್ಯಾಟರಿ’ ಎಂದು ಬರೆದವರು ಇಬ್ಬರೇ. ಅವರನ್ನು ಸಂಜೆ ಶಾಲೆಯ ಮುಂದೆ ನಿಂತಿದ್ದ ವ್ಯಾನಿನ ಬಾನೆಟ್ ಬಳಿಗೆ ಕರೆದೊಯ್ದು ಕೊಳವೆಗಳನ್ನು ತೋರಿಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆ

ಈ ಪಾಠವನ್ನು ಬಳಸಬಯಸುವವರು ಗುಜರಿ ಅಂಗಡಿಯಲ್ಲಿ ಹಳೆಯ ಥರ್ಮೋಸ್ಟಾಟ್ ಕೇಳಿ ಪಡೆಯಬಹುದು. ಅದನ್ನು ಸೋಪಿನಿಂದ ಚೆನ್ನಾಗಿ ತೊಳೆದು ಬಳಸಿ. ಬಿಸಿನೀರಿನ ಬೀಕರನ್ನು ಶಿಕ್ಷಕರೇ ನಿರ್ವಹಿಸಬೇಕು. ಓಡುತ್ತಿರುವ ಇಂಜಿನ್ ಬಳಿ ಮಕ್ಕಳನ್ನು ನಿಲ್ಲಿಸಬಾರದು, ನಿಂತ ಗಾಡಿಯಲ್ಲಿ ಕೊಳವೆಗಳ ದಾರಿ ತೋರಿಸಿದರೆ ಸಾಕು. ಪೂರ್ವಜ್ಞಾನ ಪರೀಕ್ಷೆಯನ್ನು ಪಾಠ ಯೋಜನೆಯ ಒಂದು ಕಲಮು ತುಂಬಲು ಮಾಡದೆ, ಅದರ ಉತ್ತರಗಳನ್ನು ನೋಡಿದ ಮೇಲೆಯೇ ಮುಂದಿನ ಕಲಮುಗಳನ್ನು ಬರೆಯುವುದು ಒಳ್ಳೆಯದು. ಮಕ್ಕಳು ಮನೆಯ ಮಾತಿನಲ್ಲಿ ಬರೆದ ಉತ್ತರವನ್ನು ಎರಡು ಸಲ ಓದಿ.

ದಾಖಲೆ ಪುಸ್ತಕದಲ್ಲಿ ನಾನು ಈಗ ‘ಲಕ್ಷಣ’, ‘ಸಂಭವನೀಯ ಕಾರಣಗಳು’, ‘ಪರೀಕ್ಷೆ’, ‘ಪರಿಹಾರ’ ಎಂಬ ನಾಲ್ಕು ಕಲಮುಗಳ ಮೊದಲು ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ‘ಮಗು ಏನು ಹೇಳಿತು?’

ಹೊಸ ಥರ್ಮೋಸ್ಟಾಟ್ ಹಾಕಿದ ಮೇಲಿನ ಮೊದಲ ಪ್ರಯಾಣದ ದಿನ, ತಂದೆಯವರು ಗೂಡಲೂರಿನಲ್ಲಿ ಚಹಾಕ್ಕೆ ನಿಲ್ಲಿಸಿ ಫೋನ್ ಮಾಡಿದರು. ಮುಳ್ಳು ಅರ್ಧಕ್ಕೆ ನಿಂತಿದೆ, ಗಾಜು ಒರೆಸುವ ಬಟ್ಟೆಯನ್ನು ಸೀಟಿನ ಕೆಳಗೆ ಹಾಕಿದ್ದೇನೆ ಎಂದರು. ಆಮೇಲೆ, ಏಪ್ರಿಲ್‌ನಲ್ಲಿ ಘಾಟಿ ಹತ್ತುವಾಗ ಮುಳ್ಳು ಎಲ್ಲಿರುತ್ತದೆಂದು ನೋಡಬೇಕು ಎಂದೂ ಸೇರಿಸಿದರು. ಈ ಸಲ ನಾನು ಅದನ್ನು ಬರೆದುಕೊಂಡೆ.